ಹುಣ್ಣಿಮೆಯಿಂದ ಹಿಂದೆ ಬಾರದ ಹುಳು

ಮಿಜುಕೋಶಿ ಸನಾಯೆಗೆ ಹೇಸಿಗೆ ಅನ್ನುವುದು ಮೊದಲು ಮೂಗಿಗೆ ಬರುತ್ತಿತ್ತು, ಆಮೇಲೆ ಮನಸ್ಸಿಗೆ. ಪಂಪು ಕಾರ್ಖಾನೆಯವರು ನಾಮೆರಿಕಾವಾ ಪಟ್ಟಣದ ಕಡಲ ಕಡೆ ತಮ್ಮ ನೌಕರರಿಗೆಂದು ಕಟ್ಟಿಸಿದ ನಾಲ್ಕಂತಸ್ತಿನ ವಸತಿಯಲ್ಲಿ ಯಾರ ಮನೆಯ ಮೀನು ಒಂದು ದಿನ ಹಳೆಯದು, ಯಾರ ಬಟ್ಟೆ ಬಿಸಿಲು ಕಾಣದೆ ಮುಗ್ಗಿದೆ, ಕಸದ ಮೂಲೆಯಲ್ಲಿ ಯಾವ ಚೀಲ ತಪ್ಪು ದಿನ ಬಂದು ಕೂತಿದೆ ಎಂದು ಮೂರನೆಯ ಮಹಡಿಯ ತನ್ನ ಬಾಗಿಲಲ್ಲಿ ನಿಂತೇ ಅವಳು ಹೇಳಬಲ್ಲಳು. ಆದರೆ ಹೇಳುತ್ತಿರಲಿಲ್ಲ. ಮೆಟ್ಟಿಲು ತೊಳೆಯುವ ಸರದಿ ಯಾರದೇ ಇರಲಿ, ಅವರು ತೊಳೆದು ಹೋದ ಮೇಲೆ ಒಂದು ಬಕೆಟ್ ಬಿಸಿನೀರು ಹಿಡಿದು ತಾನೇ ಇಳಿಯುತ್ತಿದ್ದಳು.

ಇಂಥವಳು ಬೆಳೆದದ್ದು ಮೀನುಗಾರರ ಮನೆಯಲ್ಲಿ ಅಂದರೆ ಹೊಸಬರು ನಂಬುತ್ತಿರಲಿಲ್ಲ. ವಸಂತದಲ್ಲಿ ಕೊಲ್ಲಿಗೆ ನುಗ್ಗಿ ಬರುವ, ಕತ್ತಲಲ್ಲಿ ನೀಲಿಯಾಗಿ ಮಿನುಗುವ ಬೆರಳುದ್ದದ ಬೊಂಡಾಸು ಮೀನುಗಳನ್ನು ಬೇಯಿಸಿದ ಮೇಲೆ ಒಂದೊಂದರ ಕಣ್ಣು, ಬಾಯಿ, ಬೆನ್ನಿನ ಕಡ್ಡಿ ಕೀಳಬೇಕು. ಇಲ್ಲದಿದ್ದರೆ ತಿನ್ನುವವರ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ಆರು ವರ್ಷದವಳಿದ್ದಾಗಲೇ ಅವಳ ಕೈಗೆ ಚಿಮಟ ಕೊಟ್ಟು ಬಕೆಟ್ಟಿನ ಮುಂದೆ ಕೂರಿಸಿದ್ದರು. ಮೊಣಕೈವರೆಗೆ ಕಂದು ನೀರು, ಮಡಿಲ ತುಂಬ ಕಣ್ಣುಗಳು. ಅದು ಅವಳಿಗೆ ಯಾವತ್ತೂ ಅಸಹ್ಯ ಅನ್ನಿಸಲಿಲ್ಲ. ಕೊಳಕು ತೊಳೆದರೆ ಹೋಗುತ್ತದೆ. ಚೆಂದದ ಕಾಗದ ಸುತ್ತಿಕೊಂಡು ಮನೆಯೊಳಗೆ ಬರುವ ವಸ್ತುಗಳ ಮುಂದೆಯೇ ಅವಳ ಮೂಗು ಸುಕ್ಕುಗಟ್ಟುತ್ತಿದ್ದದ್ದು.

ಎರಡು ಸಾವಿರದ ಇಸವಿಯ ಡಿಸೆಂಬರಿನಲ್ಲಿ ಬೆಳ್ಳಿ ಕಾಗದ ಸುತ್ತಿಕೊಂಡು ಬಂದದ್ದು ಮಗನ ಆಟ.

ಹತ್ತು ವರ್ಷದ ತೊಮೊಯಾ ಎರಡು ವರ್ಷದಿಂದ ಆಡುತ್ತಿದ್ದ ಆಟದ ಹೆಸರು 'ಮೊಸೊಮೊಸೊ'. ಹುಳುಹುಪ್ಪಟೆ ತೆವಳುವ ಸದ್ದಿಗೆ ಆ ಊರಿನ ಮಕ್ಕಳು ಅನ್ನುವ ಮಾತು ಅದು. ಅಂಗೈಯಗಲದ ಯಂತ್ರದೊಳಗೆ ಹುಳುಗಳನ್ನು ಹಿಡಿಯುವುದು, ಸಾಕುವುದು, ಕಾದಾಡಿಸುವುದು, ತಂತಿ ಸಿಕ್ಕಿಸಿ ಗೆಳೆಯರ ಯಂತ್ರದ ಹುಳುಗಳೊಂದಿಗೆ ಅದಲುಬದಲು ಮಾಡಿಕೊಳ್ಳುವುದು. ಈಗ ಅದೇ ಆಟವನ್ನು ಅದೇ ಕಂಪನಿಯವರು 'ಹುಣ್ಣಿಮೆ ಆವೃತ್ತಿ' ಎಂದು ಮತ್ತೆ ಬಿಟ್ಟಿದ್ದರು. ಅದೇ ಊರು, ಅದೇ ಕಾಡು, ಅದೇ ಮುದುಕಿ. ಬಣ್ಣ ಹಾಕಿದ್ದರು, ಒಂದು ದ್ವೀಪ ಸೇರಿಸಿದ್ದರು, ಕೆಲವು ಹುಳುಗಳಿಗೆ ಹೊಸ ರೂಪ ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ, 'ನೀವು ಪ್ರೀತಿಸಿದ ಲೋಕ, ಈಗ ಪೂರ್ಣವಾಗಿ' ಎಂದು ಹೊಳೆಯುವ ಅಕ್ಷರ.

"ಹಾಗಾದ್ರೆ ಇಷ್ಟು ದಿನ ಅರ್ಧ ಮಾರಿದ್ರಾ?" ಎಂದು ಸನಾಯೆ ಕೇಳಿದಳು.

"ಅಮ್ಮಾ, ಇದು ಬೇರೇನೇ," ಅಂದ ತೊಮೊಯಾ.

"ನಿನ್ನೆಯ ಮಿಸೊ ಸಾರನ್ನೇ ಕುದಿಸಿ ಮೇಲೆ ಎರಡು ಈರುಳ್ಳಿ ತೊಪ್ಪಲು ಉದುರಿಸಿದ ಹಾಗಿದೆ. ವಾಸನೆ ಬರುತ್ತೆ ನನಗೆ."

ಗಂಡ ಯಾಸುನೊರಿ ನಕ್ಕು, ಹುಟ್ಟುಹಬ್ಬಕ್ಕೆ ಅದನ್ನೇ ಕೊಡಿಸಿದ. ಅಪ್ಪ ಮಗ ಇಬ್ಬರೂ ಬೆಳ್ಳಿ ಕಾಗದವನ್ನು ಹರಿಯದೆ ಜೋಪಾನವಾಗಿ ಬಿಡಿಸಿದರು. ಸನಾಯೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಸುಡುವ ಕಸದ ಚೀಲಕ್ಕೋ ಸುಡದ ಚೀಲಕ್ಕೋ ಎಂದು ಒಂದು ಗಳಿಗೆ ನಿಂತು ಯೋಚಿಸಿದಳು.

ಮುಂದಿನ ವಾರದ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲ ಗಂಟೆ ಹೊಡೆಯಿತು. ನೆಲಮಹಡಿಯ ಒಕುನೊ ನಿಂತಿದ್ದಳು. ದೂರದ ಆವೊಮೊರಿಯ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಂದ ವರ್ಗವಾಗಿ ಬಂದ ಸಂಸಾರ ಅವರದು. ಆರು ತಿಂಗಳೂ ಆಗಿರಲಿಲ್ಲ. ಒಕುನೊಳ ಗಂಡ ಸನಾಯೆಯ ಗಂಡನ ಕೈಕೆಳಗೆ ಕೆಲಸ ಮಾಡುತ್ತಿದ್ದ. ಎಂಟು ವರ್ಷದ ಒಬ್ಬಳೇ ಮಗಳು, ಮಿನೋರಿ. ಒಕುನೊಳ ಕೈಯಲ್ಲಿ ನೇರಳೆ ಬಟ್ಟೆಯಲ್ಲಿ ಸುತ್ತಿದ ಸಿಹಿಯ ಪೆಟ್ಟಿಗೆ ಇತ್ತು.

"ನಿನ್ನೆ ನಮ್ಮ ಮಗಳು ನಿಮ್ಮ ಮೆಟ್ಟಿಲ ಮೇಲೆ ಅತ್ತು ಗಲಾಟೆ ಮಾಡಿಬಿಟ್ಳು," ಎಂದು ಸೊಂಟದವರೆಗೆ ಬಾಗಿದಳು. "ನಿಮಗೆಲ್ಲ ತುಂಬಾ ತೊಂದ್ರೆ ಆಯ್ತು, ಕ್ಷಮಿಸಬೇಕು. ತೀರಾ ಚಿಕ್ಕದು, ತಗೊಳ್ಳಿ."

ಹಿಂದಿನ ಸಂಜೆ ಯಾವುದೋ ಮಗು ಮೆಟ್ಟಿಲಲ್ಲಿ ಬಿಕ್ಕುತ್ತಿದ್ದದ್ದು ಸನಾಯೆಗೂ ಕೇಳಿಸಿತ್ತು. ಒಲೆಯ ಮೇಲೆ ಎಣ್ಣೆ ಕಾದಿತ್ತು, ಹೋಗಿ ನೋಡಿರಲಿಲ್ಲ.

"ಇದೆಲ್ಲಾ ಯಾಕೆ ಒಕುನೊ-ಸಾನ್. ಮಕ್ಕಳಲ್ವಾ, ಅಳ್ತಾವೆ."

"ನಿಮ್ಮ ಮಗ ದೊಡ್ಡೋನು, ಪಾಪ, ಇವಳನ್ನೂ ಜತೇಲಿ ಆಡಿಸ್ಕೊಂಡಿದಾನೆ. ಇವಳಿಗೇ ತಿಳುವಳಿಕೆ ಸಾಲದು. ಕೊಟ್ಟ ಮೇಲೆ ಕೊಟ್ಟ ಹಾಗೇ ಅಂತ ಗೊತ್ತಾಗಲ್ಲ."

ಏನನ್ನು ಕೊಟ್ಟಳು ಎಂದು ಸನಾಯೆ ಕೇಳಲಿಲ್ಲ. ತಲೆ ಬಗ್ಗಿಸಿ ಬಂದವರನ್ನು ಬಾಗಿಲಲ್ಲಿ ಪ್ರಶ್ನೆ ಕೇಳಿ ನಿಲ್ಲಿಸುವುದು ಆ ವಸತಿಯಲ್ಲಿ ಸಭ್ಯತೆಯಲ್ಲ. ಎರಡು ಸಲ ಬೇಡ ಅಂದು, ಮೂರನೆಯ ಸಲಕ್ಕೆ ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡಳು. ಮೇಲಿಂದ ಒಂದು ಮಾತನ್ನೂ ಸೇರಿಸಿದಳು: "ಇರಲಿ ಬಿಡಿ. ಇನ್ಮೇಲೆ ಹುಷಾರಾಗಿದ್ರೆ ಆಯ್ತು."

ಮಧ್ಯಾಹ್ನ ಮೂರಕ್ಕೆ ತೊಮೊಯಾ ಶಾಲೆಯಿಂದ ಬಂದ. ಚಹಾ ಮಾಡಿ ಪೆಟ್ಟಿಗೆ ತೆರೆದಳು. ಹಪ್ಪಳದಂತೆ ತೆಳುವಾದ ಎರಡು ಅಕ್ಕಿ ಬಿಲ್ಲೆಗಳ ನಡುವೆ ಕೆಂಪುಕಾಳಿನ ಹೂರಣ ತುಂಬಿದ ಮೋನಾಕಾ, ನಿಲ್ದಾಣದ ಬಳಿಯ ಒಳ್ಳೆಯ ಅಂಗಡಿಯದು. ಒಂದನ್ನು ಬಾಯಿಗಿಟ್ಟುಕೊಂಡು ಇನ್ನೊಂದನ್ನು ಮಗನ ಮುಂದೆ ತಳ್ಳಿದಳು. ಮೋನಾಕಾ ಕಂಡರೆ ಕೈ ತೊಳೆಯುವುದನ್ನೂ ಮರೆಯುವ ಹುಡುಗ ಅದನ್ನು ಮುಟ್ಟಲಿಲ್ಲ.

"ಯಾಕೋ, ಹೊಟ್ಟೆ ನೋವಾ?"

"ಇಲ್ಲ."

"ಒಕುನೊ-ಸಾನ್ ತಂದಿದ್ದು. ತಿನ್ನು."

"ಅವರು ಯಾಕೆ ತಂದ್ರು?"

"ಮಿನೋರಿ ಅತ್ತಳಲ್ಲ ನಿನ್ನೆ, ಅದಕ್ಕೆ ಕ್ಷಮೆ ಕೇಳ್ಕೊಂಡು ಹೋದ್ರು."

ತೊಮೊಯಾ ಪೆಟ್ಟಿಗೆಯನ್ನು ಚರಂಡಿಯಲ್ಲಿ ಕಂಡದ್ದನ್ನು ನೋಡುವ ಹಾಗೆ ನೋಡಿದ. "ಅವರು ಕೇಳಿದ್ರಾ?"

ಆ 'ಅವರು' ಅನ್ನುವ ಮಾತಿನ ಒತ್ತು ಸನಾಯೆಯ ಮೂಗಿಗೆ ನೇರ ತಾಕಿತು. ಚಹಾ ಬಟ್ಟಲನ್ನು ಕೆಳಗಿಟ್ಟಳು.

"ಏನು ಮಾಡಿದೆ? ಮೊದಲಿಂದ ಹೇಳು."

ತುಂಡು ತುಂಡಾಗಿ ಹೊರಗೆ ಬಂತು. ಮಿನೋರಿಯ ಹತ್ತಿರ ಹಳೆಯ ಮೊಸೊಮೊಸೊ ಮಾತ್ರ ಇತ್ತು. ಆ ಆಟದ ಶುರುವಿನಲ್ಲಿ ಒಬ್ಬ ಮುದುಕಿ ಚಿಪ್ಪಿಲ್ಲದ ಬಸವನಹುಳುವಿನ ಮರಿಯೊಂದನ್ನು ಕೊಡುತ್ತಾಳೆ. ಒಂದೇ ಒಂದು, ಮತ್ತೆ ಸಿಗದು. ಉಳಿದ ಮಕ್ಕಳೆಲ್ಲ ನಾಲ್ಕು ದಿನದಲ್ಲಿ ಅದನ್ನು ಬಿಟ್ಟು ಕೊಂಬಿನ ಜೀರುಂಡೆಗಳ ಹಿಂದೆ ಹೋಗುತ್ತಾರೆ. ಮಿನೋರಿ ಹೋಗಿರಲಿಲ್ಲ. ಎಳ್ಳಿನಂಥ ಎರಡು ಚುಕ್ಕೆ ಕಣ್ಣು ಅದಕ್ಕೆ ಅಂತ ಗೋಮಾ, ಅಂದರೆ ಎಳ್ಳು, ಎಂದು ಹೆಸರಿಟ್ಟು, ಆವೊಮೊರಿಯ ಶಾಲೆ, ಗೆಳತಿಯರು ಎಲ್ಲ ಹಿಂದೆ ಉಳಿದರೂ ಅದನ್ನು ಮಾತ್ರ ಕೋಟಿನ ಜೇಬಲ್ಲಿಟ್ಟುಕೊಂಡು ಈ ಊರಿಗೆ ಬಂದಿದ್ದಳು. ಹಾಗೆ ಬಹುದಿನ ಸಾಕಿ ಪಳಗಿಸಿದ ಹುಳು ಮಾತ್ರ ಹುಣ್ಣಿಮೆ ಆವೃತ್ತಿಗೆ ಹೋದರೆ ರೆಕ್ಕೆ ಬಂದು ಚಂದ್ರಪತಂಗ ಆಗುತ್ತದೆ. ತೊಮೊಯಾನ ಆಟದೊಳಗಿನ ಹುಳುಗಳ ಪುಸ್ತಕದಲ್ಲಿ ಆ ಒಂದು ಚೌಕ ಮಾತ್ರ ಖಾಲಿ ಇತ್ತು.

"ಶನಿವಾರ ಕೇಳಿದೆ. ರೆಕ್ಕೆ ಬರಿಸಿ ಭಾನುವಾರ ವಾಪಸ್ ಕೊಡ್ತೀನಿ ಅಂದೆ."

"ಕೊಟ್ಟೆಯಾ?"

"ಆಗಲ್ಲ ಅಮ್ಮಾ. ಚಂದ್ರಪತಂಗ ಅನ್ನೋದು ಹಳೇ ಆಟದಲ್ಲಿ ಇಲ್ವೇ ಇಲ್ಲ. ಯಂತ್ರಾನೇ ತಗೊಳ್ಳಲ್ಲ."

"ಇದು ನಿನಗೆ ಯಾವಾಗ ಗೊತ್ತಾಯ್ತು?"

ಅವನು ಮೇಜಿನ ಅಂಚನ್ನು ಉಗುರಲ್ಲಿ ಕೆರೆದ. "ಆಟದ ಪತ್ರಿಕೆಲಿ ಬರೆದಿತ್ತು."

"ಯಾವತ್ತು ಓದಿದೆ ಅಂದೆ."

"ಶುಕ್ರವಾರ."

ಮೋನಾಕಾದ ಬಿಲ್ಲೆ ಸನಾಯೆಯ ಅಂಗುಳಕ್ಕೆ ಒದ್ದೆ ಕಾಗದದಂತೆ ಅಂಟಿಕೊಂಡಿತ್ತು. ನಾಲಿಗೆಯಿಂದ ತಳ್ಳಿದರೆ ಬಿಡಲಿಲ್ಲ. ತೊಟ್ಟಿಗೆ ಹೋಗಿ ಬಾಯಿ ಮುಕ್ಕಳಿಸಿದಳು, ಬೆರಳು ಹಾಕಿ ಕಿತ್ತಳು, ಇನ್ನೊಮ್ಮೆ ಮುಕ್ಕಳಿಸಿದಳು. ಮೋಸ ಹೋದ ಮಗುವಿನ ತಾಯಿ ಮೂರನೆಯ ಮಹಡಿಗೆ ಹತ್ತಿ ಬಂದು ಬಾಗಿದ್ದಳು. ಮೋಸ ಮಾಡಿದವನ ತಾಯಿ ಅದನ್ನು ಎರಡು ಕೈಯಲ್ಲಿ ಈಸಿಕೊಂಡು, ಹುಷಾರಾಗಿರಿ ಎಂದು ಬುದ್ಧಿ ಬೇರೆ ಹೇಳಿ ಕಳಿಸಿದ್ದಳು. ಈಗ ಅದರ ಸಿಹಿ ಹಲ್ಲುಸಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು. ಮಗನ ಮೇಲೆ ಕೈ ಎತ್ತಬೇಕೆನ್ನಿಸಿತು. ಆದರೆ ಶುಕ್ರವಾರ ಓದಿ ಶನಿವಾರ ಕೇಳಿದ್ದು ಹುಡುಗನ ಕೆಲಸವಾದರೆ, ಬಾಗಿಲಲ್ಲಿ ಬಾಯಿ ತೆರೆದು ಒಂದು ಪ್ರಶ್ನೆ ಕೇಳದೆ ಇದ್ದದ್ದು ಯಾರ ಕೆಲಸ?

ಗಂಟೆ ಮತ್ತೆ ಹೊಡೆಯಿತು. ನಾಲ್ಕನೆಯ ಮಹಡಿಯ ನೊಸಾಕಾ, ವಿಭಾಗದ ಮುಖ್ಯಸ್ಥರ ಹೆಂಡತಿ. ಮನೆಯಿಂದ ಮನೆಗೆ ಹೋಗುವ ಸುತ್ತೋಲೆಯ ಹಲಗೆ ಹಿಡಿದು ಬಂದಿದ್ದಳು. ಅವಳ ಕಣ್ಣು ಮೊದಲು ಹೋದದ್ದು ನೇರಳೆ ಬಟ್ಟೆಯ ಕಡೆ.

"ಒಕುನೊ ಬಂದು ಹೋದ್ಳಾ? ನಾನೇ ಹೇಳಿದ್ದೆ, ಮೇಲಿನ ಮನೆಗೆ ಒಂದು ಮಾತು ಹೇಳಿ ಬಾ ಅಂತ. ಹೊಸಬರಿಗೆ ಗೊತ್ತಾಗಲ್ಲ ನೋಡಿ."

"ತಪ್ಪು ನಮ್ಮ ಹುಡುಗನದು, ನೊಸಾಕಾ-ಸಾನ್."

"ಇದ್ರೇನಂತೆ. ಪೆಟ್ಟಿಗೆ ತಗೊಂಡಾಯ್ತಲ್ಲ. ಈಗ ನೀವು ಇಳಿದು ಹೋಗಿ ತಲೆ ಬಗ್ಗಿಸಿದ್ರೆ ಅವಳಿಗೇ ಕಷ್ಟ. ಗಂಡ ನಿಮ್ಮೆಜಮಾನ್ರ ಕೈಕೆಳಗೆ ಇದಾನೆ. ಹೊಸ ವರ್ಷಕ್ಕೆ ಒಂದು ಜತೆ ಟವೆಲ್ ಕಳಿಸಿ, ಮುಗೀತು."

"ಮಗುವಿನ ಹುಳು ಹೋಗಿದೆ."

"ಆಟದ ಹುಳ ತಾನೇ? ಏನು, ತಿಥಿ ಮಾಡಿಸ್ತೀರಾ ಅದಕ್ಕೆ?"

ತನ್ನ ಮಾತಿಗೆ ತಾನೇ ಮೆಲ್ಲಗೆ ನಕ್ಕಳು. ಅವಳ ಕೈಗವಸಿನಿಂದ ಲ್ಯಾವೆಂಡರ್ ಸಾಬೂನಿನ ವಾಸನೆ ಬರುತ್ತಿತ್ತು, ತೊಳೆಯುವುದಕ್ಕಲ್ಲ, ಬೀರುವಿನಲ್ಲಿ ಇಡುವುದಕ್ಕೇ ಮಾಡುವ ಸಾಬೂನು. ಸನಾಯೆ ಓದಿದ ಗುರುತಿಗೆ ಸುತ್ತೋಲೆಯ ಮೇಲೆ ಮುದ್ರೆ ಒತ್ತಿ ಬಾಗಿ ಕಳಿಸಿದಳು. ಬಾಗಿಲು ಮುಚ್ಚಿ, "ತೊಮೊಯಾ, ಯಂತ್ರ ತಗೋ. ತಂತಿ, ಹುಣ್ಣಿಮೆ, ಎಲ್ಲ ತಗೋ," ಅಂದಳು.

ಒಕುನೊ ಬಾಗಿಲು ತೆರೆದವಳು ಇವರಿಬ್ಬರನ್ನೂ ಕಂಡು ಬೆಳ್ಳಗಾದಳು. ಪೆಟ್ಟಿಗೆ ಸಾಲಲಿಲ್ಲವೇನೋ ಎಂಬ ಭಯ ಮುಖದಲ್ಲಿ ಅಷ್ಟು ಸ್ಪಷ್ಟವಾಗಿತ್ತು. ಸನಾಯೆ ಹೊಸ್ತಿಲಲ್ಲೇ ಬಾಗಿದಳು. ಒಕುನೊ ಮಂಡಿಯೂರಿ ಅದಕ್ಕಿಂತ ಕೆಳಗೆ ಬಾಗಿದಳು. ಸನಾಯೆಯೂ ಮಂಡಿಯೂರಿದಳು. ಒಕುನೊಳ ಹಣೆ ಚಾಪೆಗೆ ತಾಗಿತು. ಯಾರ ಹಣೆ ನೆಲಕ್ಕೆ ಹತ್ತಿರ ಎಂದು ಪಂದ್ಯ ಕಟ್ಟಿದವರಂತೆ ಇಬ್ಬರು ಹೆಂಗಸರು ಬಾಗುತ್ತಲೇ ಹೋದರು. ಪಂದ್ಯದಲ್ಲಿ ಯಾರು ಸೋಲಲೇಬೇಕೆಂಬುದು ಅವರ ಗಂಡಂದಿರ ಕುರ್ಚಿಗಳಿಂದಲೇ ತೀರ್ಮಾನವಾಗಿದೆ ಎಂದು ಸನಾಯೆಗೆ ಹೊಳೆಯಿತು. ಎದ್ದು ಕೂತಳು.

"ಹೇಳು," ಎಂದಳು ಮಗನಿಗೆ.

ಮಿನೋರಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೆರಳುಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಿದ್ದಳು. ತೊಮೊಯಾ ಅವಳ ಕಡೆ ನೋಡದೆ, "ಸುಳ್ಳು ಹೇಳಿದ್ದೆ. ವಾಪಸ್ ಬರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು," ಅಂದ.

"ಗೊತ್ತಿತ್ತಾ?" ಮಿನೋರಿಯ ದನಿ ಸಣ್ಣದಾಯಿತು. ಯಂತ್ರ ಕೆಟ್ಟಿದೆ, ಅಣ್ಣನಿಗೂ ಬೇಸರವಾಗಿದೆ ಎಂದೇ ಇಷ್ಟು ದಿನ ಅಂದುಕೊಂಡಿದ್ದಳು. "ತೊಮೊಯಾ ಅಣ್ಣ, ನಿಂಗೆ ಗೊತ್ತಿತ್ತಾ?"

ಅವನು ಹೌದೆಂದು ತಲೆಯಾಡಿಸಿದ. ಒಕುನೊ, "ಇರಲಿ ಇರಲಿ, ಮಕ್ಕಳು ಮಕ್ಕಳು," ಎಂದು ಕೈಯಾಡಿಸಿದಳು.

ಒಂದು ಸಲ ನೋಡೇ ಬಿಡೋಣ ಎಂದು ತಂತಿ ಸಿಕ್ಕಿಸಿದರು. ಹುಣ್ಣಿಮೆಯ ಪರದೆಯಲ್ಲಿ ಚಂದ್ರಪತಂಗ ಮೂಡಿತು. ಕೆಳಗೆ ಅಕ್ಷರ ಬಂತು: 'ಈ ಗೆಳೆಯನಿಗೆ ಆ ಊರಿನ ದಾರಿ ತಿಳಿಯದು.' ಎಷ್ಟು ನಯವಾಗಿ ಬರೆದಿದ್ದರು. ದಾರಿಯನ್ನು ಮುಚ್ಚಿದ್ದು ಯಾರು ಎಂದು ಮಾತ್ರ ಬರೆದಿರಲಿಲ್ಲ.

ಮಿನೋರಿ ಬಗ್ಗಿ ನೋಡಿದಳು. "ಇದು ಗೋಮಾ ಅಲ್ಲ. ಇದಕ್ಕೆ ರೆಪ್ಪೆ ಇದೆ."

ಸನಾಯೆಯೂ ನೋಡಿದಳು. ಪತಂಗಕ್ಕೆ ಬಾಗಿದ ಉದ್ದ ರೆಪ್ಪೆಗಳು, ಗುಲಾಬಿ ಕೆನ್ನೆ, ಯಾರನ್ನೋ ಮೆಚ್ಚಿಸಲು ಓರೆಯಾಗಿಸಿದ ನಗು. ಕೂಸಿಗೆ ತುಟಿಬಣ್ಣ ಬಳಿದು ಕೂರಿಸಿದ ಹಾಗಿತ್ತು. ಲೋಳೆ ಬಿಟ್ಟುಕೊಂಡು ತೆವಳುವ, ಎರಡು ಚುಕ್ಕೆಯ ಆ ಹುಳು ಇದಕ್ಕಿಂತ ಎಷ್ಟೋ ಶುದ್ಧ ಅನ್ನಿಸಿತು ಅವಳಿಗೆ.

"ಈ ಹುಣ್ಣಿಮೆಯನ್ನೇ ಇಟ್ಕೊಳ್ಳಿ. ಪೂರ್ತಿ," ಎಂದು ಯಂತ್ರದಿಂದ ಆಟವನ್ನು ಕಿತ್ತು ಚಾಪೆಯ ಮೇಲಿಟ್ಟಳು. ತೊಮೊಯಾ ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡ.

"ಅಯ್ಯೋ ಬೇಡ, ಖಂಡಿತ ಬೇಡ," ಅಂದಳು ಒಕುನೊ.

"ನಂಗೂ ಬೇಡ," ಅಂದಳು ಮಿನೋರಿ. ತನ್ನ ಯಂತ್ರದ ತಂತಿ ಬಿಡಿಸಿ, "ಅಣ್ಣನ ಹಳೇ ಆಟ ಇದೆಯಲ್ಲ. ಅದನ್ನ ಅಳಿಸಿ ಮೊದಲಿಂದ ಶುರು ಮಾಡಿದ್ರೆ ಮುದುಕಿ ಇನ್ನೊಂದು ಮರಿ ಕೊಡ್ತಾಳೆ," ಅಂದಳು.

ತೊಮೊಯಾ ಈಗ ಅವಳನ್ನು ನೋಡಿದ. ಆ ಆಟದಲ್ಲಿ ಒಂದೇ ದಾಖಲೆ ಉಳಿಯುತ್ತದೆ. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. ಹುಳುಗಳನ್ನು ಅವನು ಆಗಲೇ ಹುಣ್ಣಿಮೆಗೆ ಸಾಗಿಸಿದ್ದ. ಆದರೆ ಕಳೆದ ಬೇಸಿಗೆಯಲ್ಲಿ ಆಟಿಕೆ ಅಂಗಡಿಯ ಸ್ಪರ್ಧೆ ಗೆದ್ದಾಗ ಆಟದೊಳಗೇ ಬಹುಮಾನವಾಗಿ ಸಿಕ್ಕ ಬೆಳ್ಳಿಗಂಟೆ ಹಳೆಯದರಲ್ಲೇ ಇತ್ತು. ಅದನ್ನು ಸಾಗಿಸಲು ಬರುವುದಿಲ್ಲ. ಆ ಒಂದು ದಿನ ಬಿಟ್ಟರೆ ಮತ್ತೆಂದೂ ಕೊಟ್ಟದ್ದೂ ಇಲ್ಲ. ಇಡೀ ಪಟ್ಟಣದಲ್ಲಿ ಅದು ಇದ್ದದ್ದು ಇಬ್ಬರ ಹತ್ತಿರ.

"ಹುಚ್ಚು ಹುಡುಗಿ, ಏನು ಮಾತಾಡ್ತೀಯಾ," ಎಂದು ಒಕುನೊ ಮಗಳ ತೋಳು ಎಳೆದಳು. "ಮಿಜುಕೋಶಿ-ಸಾನ್, ದಯವಿಟ್ಟು ಕಿವಿಗೆ ಹಾಕ್ಕೋಬೇಡಿ. ನೀವು ಇಲ್ಲಿವರೆಗೆ ಬಂದಿದ್ದೇ ಹೆಚ್ಚು. ಅಷ್ಟೇ ಸಾಕು ನಮಗೆ."

ಅಷ್ಟೇ ಸಾಕು ಎಂದು ಹೇಳಿಯಾಯಿತು. ಈಗ ಇನ್ನೊಂದು ಸಲ ಬಾಗಿ, ಮಗನ ಕೈ ಹಿಡಿದು ಮೇಲೆ ಹೋದರೆ ಈ ವಸತಿಯ ಯಾವ ಕಟ್ಟಳೆಯೂ ಮುರಿದಂತಾಗುವುದಿಲ್ಲ. ಎಲ್ಲರೂ ಕ್ಷಮೆ ಕೇಳಿದ ಹಾಗೂ ಆಯಿತು, ಎಲ್ಲರೂ ಕ್ಷಮಿಸಿದ ಹಾಗೂ ಆಯಿತು. ಹುಡುಗಿ ಮಾತ್ರ ಖಾಲಿ ಯಂತ್ರ ಹಿಡಿದು ನಿಂತಿರುತ್ತಾಳೆ. ಸನಾಯೆಗೆ ತನ್ನ ಕಾಲುಗಳು ಏಳಲು ಸಿದ್ಧವಾಗುತ್ತಿರುವುದು ತಿಳಿಯಿತು. ಮಗನ ಆ ಮುಖ ಕಂಡು ಅವಳ ಕರುಳೂ ಅದನ್ನೇ ಹೇಳುತ್ತಿತ್ತು. ಹಾಗೆ ಹೇಳುತ್ತಿದೆಯಲ್ಲ ಎಂದೇ ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

"ಒಕುನೊ-ಸಾನ್, ಬೇಡ ಅಂತ ನೀವು ಹೇಳ್ಬೇಡಿ," ಎಂದಳು. ಹೀಗೆ ಒರಟಾಗಿ ಅವಳು ಆ ಕಟ್ಟಡದಲ್ಲಿ ಯಾರೊಂದಿಗೂ ಮಾತಾಡಿರಲಿಲ್ಲ. "ಬೆಳಿಗ್ಗೆ ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ಈಗ ಕೇಳ್ತೀನಿ. ಮಿನೋರಿ-ಚಾನ್, ನಿನಗೆ ಆ ಮರಿ ಬೇಕಾ?"

ಮಿನೋರಿ ಅಮ್ಮನ ಮುಖ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು.

"ಬೇಕು."

ಸನಾಯೆ ಮಗನ ಕಡೆ ತಿರುಗಿದಳು. "ಕೇಳಿಸ್ತಲ್ಲ. ನಾನು ಅಳಿಸು ಅನ್ನಲ್ಲ. ಅಳಿಸಬೇಡ ಅಂತಾನೂ ಅನ್ನಲ್ಲ."

ತೊಮೊಯಾ ಬಾಗಿಲು ದಾಟಿ ಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಮೊದಲು ನಿಧಾನವಾಗಿ, ಆಮೇಲೆ ಓಡಿದ ಹಾಗೆ ಕೇಳಿಸಿತು. ಸ್ವಲ್ಪದರಲ್ಲೇ ಇಳಿದು ಬಂದ. ಬೂದು ಬಣ್ಣದ ಹಳೆಯ ಆಟವನ್ನು ತಂದು ಸಿಕ್ಕಿಸಿ, ಒಮ್ಮೆ ತೆರೆದು ಬೆಳ್ಳಿಗಂಟೆಯನ್ನು ನೋಡಿದ. ಮಿನೋರಿಯೂ ಕತ್ತು ಉದ್ದ ಮಾಡಿ ನೋಡಿದಳು. "ಚೆನ್ನಾಗಿದೆ," ಅಂದಳು. ಅವನು ಮುಚ್ಚಿ, ಮೂರು ಗುಂಡಿ ಒಟ್ಟಿಗೆ ಒತ್ತಿ ಹಿಡಿದ. ಅಳಿಸಲೇ ಎಂದು ಯಂತ್ರ ಕೇಳಿತು. ಮತ್ತೊಮ್ಮೆ ಕೇಳಿತು. ಎರಡು ವರ್ಷ ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಹಗುರಾಗುತ್ತದೆ ಎಂದುಕೊಂಡಿದ್ದಳು ಸನಾಯೆ. ಆಗಲಿಲ್ಲ. ಒಂದು ಮಗುವಿಗೆ ಅವಳ ಹುಳು ಸಿಗಬೇಕಾದರೆ ಇನ್ನೊಂದು ಮಗುವಿನ ಗಂಟೆ ಹಾಳಾಗಲಿ ಎಂಬಂತೆ ಕಟ್ಟಿ, ಅದಕ್ಕೇ ಬಣ್ಣ ಬಳಿದು, ಪೂರ್ಣವಾಯಿತು ಎಂದು ಮತ್ತೊಮ್ಮೆ ಮಾರಿದವರು ಎಲ್ಲೋ ಬೆಚ್ಚಗಿನ ಕೋಣೆಯಲ್ಲಿ ಕೂತಿದ್ದಾರೆ. ಅವರ ಮನೆಗೆ ಯಾರೂ ಪೆಟ್ಟಿಗೆ ಹಿಡಿದು ಬಾಗಲು ಹೋಗುವುದಿಲ್ಲ, ಅವರೂ ಎಲ್ಲಿಗೂ ಬರುವುದಿಲ್ಲ. ತೊಮೊಯಾ ಮೂಗೊರೆಸಿಕೊಂಡ. ಅವಳು ಕರವಸ್ತ್ರ ಕೊಟ್ಟಳು.

ಮುದುಕಿಯ ಮನೆಗೆ ಹೋಗುವ ದಾರಿ ಉದ್ದ. ಒಕುನೊ ಊರಿನಿಂದ ಬಂದ ಸೇಬು ಹೆಚ್ಚಿ ತಂದಳು. ಮಿನೋರಿ ತೊಮೊಯಾನ ಪಕ್ಕಕ್ಕೆ ಬಂದು ಕೂತು, "ಅಲ್ಲಿ ತಿರುಗಬೇಡ, ಸೇತುವೆ ಮೇಲಿಂದ ಹೋಗು, ಬೇಗ ಆಗುತ್ತೆ," ಎಂದು ಹೇಳಿಕೊಡುತ್ತಿದ್ದಳು. ಅವನು "ಗೊತ್ತಮ್ಮಾ ನಂಗೆ," ಅಂದರೆ "ಗೊತ್ತಿದ್ರೆ ಯಾಕೆ ಅಲ್ಲಿ ತಿರುಗ್ದೆ?" ಅನ್ನುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಮುದುಕಿ ಬುಟ್ಟಿಯಿಂದ ಮರಿಯನ್ನು ತೆಗೆದಳು.

"ಹೆಸರು ಈಗಲೇ ಹೇಳು," ಅಂದ ತೊಮೊಯಾ. "ನಿನ್ನ ಹತ್ರ ಬಂದ ಮೇಲೆ ಬದಲಾಯ್ಸಕ್ಕೆ ಆಗಲ್ಲ. ಗೋಮಾ ಅಂತಾನೇ ಇಡ್ಲಾ?"

"ಬೇಡ. ಗೋಮಾ ಅದು, ಇದು ಬೇರೆ."

"ಮತ್ತೇನು?"

ಮಿನೋರಿ ಸೇಬಿನ ಹೋಳನ್ನು ಕಚ್ಚಿ, ನಿಧಾನವಾಗಿ ಅಗಿದು ನುಂಗಿದಳು. "ತೊಮೊಯಾ."

"ಏನು?"

"ಹುಳದ ಹೆಸರು. ತೊಮೊಯಾ ಅಂತ ಇಡು."

"ಮಿನೋರಿ," ಎಂದು ಒಕುನೊ ಗಾಬರಿಯಿಂದ ಎರಡೂ ಕೈ ಚಾಪೆಗೆ ಊರಿದಳು, ಬೆನ್ನು ಆಗಲೇ ಬಾಗತೊಡಗಿತ್ತು. "ದಯವಿಟ್ಟು ಕ್ಷಮಿ..."

"ಇಡೋ," ಅಂದಳು ಸನಾಯೆ ಮಗನಿಗೆ. "ಅಕ್ಷರ ತಪ್ಪದ ಹಾಗೆ ಬರಿ."

ಒಕುನೊಳ ಬೆನ್ನು ಅರ್ಧಕ್ಕೆ ನಿಂತಿತು. ಅಲ್ಲೇ ಹಾಗೇ ಬಗ್ಗಿಕೊಂಡು ಅವಳ ಭುಜ ಅಲುಗಿತು, ಮೂಗಿನಿಂದ ಒಂದು ಸದ್ದು ಬಂತು. ತಡೆಯಲಾರದೆ ನಗುತ್ತಿದ್ದಳು. ಈ ಸಲ ಅದಕ್ಕಾಗಿ ಕ್ಷಮೆ ಕೇಳಲಿಲ್ಲ. ತೊಮೊಯಾ ಕಿವಿವರೆಗೆ ಕೆಂಪಾಗಿ ಮೂರು ಅಕ್ಷರ ಒತ್ತಿದ. ತಂತಿಯ ಮೂಲಕ ಹುಳು ಅವನ ಪರದೆಯ ಅಂಚಿನಲ್ಲಿ ಮರೆಯಾಗಿ ಅವಳ ಪರದೆಯಲ್ಲಿ ತಲೆ ಹಾಕಿತು, ಕೊಂಬು ಒಳಗೆಳೆದುಕೊಂಡು ಅಲ್ಲೇ ನಿಂತಿತು.

"ತೊಮೊಯಾ, ಬಾ," ಅಂದಳು ಮಿನೋರಿ.

ಹುಡುಗ ತಲೆ ಎತ್ತಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ.